ಮುದಕವ್ವನ ಎರಡು ನವರಾತ್ರಿ

ಮುದಕವ್ವನಿಗೆ ದೇವರ ಮೇಲೆ ಭಕ್ತಿಯಿತ್ತು, ಡಾಕ್ಟರಬಾಯಿಯ ಮೇಲೆ ಭಯವಿತ್ತು. ಕೊರೊನಾ ಬಂದ ವರ್ಷ ಗುಡಿಗಳು ಅರ್ಧ ಮುಚ್ಚಿ ಅರ್ಧ ತೆರೆದುಕೊಂಡಿದ್ದರಿಂದ ಭಕ್ತಿಗೆ ಆಗಾಗ ರಜೆ ಸಿಗುತ್ತಿತ್ತು. ಭಯಕ್ಕೆ ಮಾತ್ರ ಒಂದು ದಿನವೂ ಸಿಗಲಿಲ್ಲ.

ಬಸುರಿ ಸೊಸೆ ಜ್ಯೋತಿಗೆ ಏಳನೆಯ ತಿಂಗಳು ನಡೆದಿತ್ತು. ದವಾಖಾನೆಯಲ್ಲಿ ರಕ್ತ ತೆಗೆದು ನೋಡಿದರೆ ಸಕ್ಕರೆ ಏರಿದೆ. ಡಾಕ್ಟರಬಾಯಿ ಕನ್ನಡಕದ ಮೇಲಿಂದ ಅತ್ತೆಯನ್ನೇ ನೋಡಿ, ಮುಂಜಾನೆ ಸಂಜೆ ಅಡ್ಡಾಡಿಸಬೇಕು, ಅನ್ನ ಕಡಿಮೆ ಮಾಡಬೇಕು, ಮುಂದಿನ ಸಲ ಬರುವಷ್ಟರಲ್ಲಿ ಇಳಿಯದಿದ್ದರೆ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಕಳಿಸುವುದೇ ಎಂದು ಹೇಳಿಬಿಟ್ಟರು. ಆ ವರ್ಷ ಹುಬ್ಬಳ್ಳಿಯ ದೊಡ್ಡಾಸ್ಪತ್ರೆ ಎಂದರೆ ಅವರ ಸಾಲುಮನೆಗಳ ಚಾಳಿನ ಜನರ ಎದೆ ಧಸಕ್ಕೆನ್ನುತ್ತಿತ್ತು. ಹೋದವರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ, ಮನೆಯವರನ್ನು ಹೊರಗೆ ನಿಲ್ಲಿಸುತ್ತಾರೆ, ಆಮೇಲೆ ಫೋನಿನಲ್ಲಿ ಸುದ್ದಿ ಹೇಳುತ್ತಾರೆ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು.

ಅದಕ್ಕಿಂತ ದೊಡ್ಡ ಹೆದರಿಕೆಯೊಂದಿತ್ತು. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಹಿಂದಿನ ಸಲ ಜ್ಯೋತಿಯ ಕೂಸು ಎಂಟನೆಯ ತಿಂಗಳಲ್ಲಿ ಹೊಟ್ಟೆಯಲ್ಲೇ ಆಡುವುದನ್ನು ನಿಲ್ಲಿಸಿತ್ತು. ಹುಟ್ಟಿದಾಗ ಅಳಲಿಲ್ಲ. ಆಗಲೂ ಸಕ್ಕರೆಯೇ ಏರಿತ್ತು ಎಂದು ಆಮೇಲೆ ತಿಳಿಯಿತು.

"ಅಡ್ಡಾಡಸ್ರಿ ಅಂದ್ರಲ್ಲಾ, ಎಲ್ಲಿ ಅಡ್ಡಾಡಸ್ಲಿ?" ಎಂದು ಮುದಕವ್ವ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಮಗ ಶಿವಲಿಂಗನನ್ನು ಕೇಳಿದಳು.

ಕೇಳುವುದರಲ್ಲಿ ಅರ್ಥವಿತ್ತು. ಅಂಬೇವಾಡಿಯ ಆ ಚಾಳಿನಲ್ಲಿ ಅವರದು ಒಂದೇ ಕೋಣೆ. ಒಲೆಯಿಂದ ಹೊರಟರೆ ಮಂಚ, ಮಂಚ ದಾಟಿದರೆ ಬಾಗಿಲು. ಮಿಲ್ಲಿನ ರಾತ್ರಿ ಪಾಳಿ ಮುಗಿಸಿ ಬಂದ ಶಿವಲಿಂಗ ಮಲಗಿದ್ದರೆ ಅವನ ಕಾಲು ದಾಟಿಕೊಂಡೇ ಓಡಾಡಬೇಕು. ಬಾಗಿಲ ಹೊರಗಿನ ಸಂದಿಯಲ್ಲಿ ಎದುರಿಗೊಬ್ಬರು ಬಂದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಆರಡಿ ಅಂತರ ಕಾಯಿರಿ ಎಂದು ಮೈಕಿನಲ್ಲಿ ಕೂಗಿಕೊಂಡು ಹೋಗುತ್ತಿದ್ದವರು ಆ ಸಂದಿಯನ್ನು ನೋಡಿರಲಿಲ್ಲ. ಅದರಾಚೆ ದೊಡ್ಡ ರಸ್ತೆ. ಪೈಪು ಹಾಕಲು ಅಗೆದಿದ್ದು ಮಳೆಗೆ ಕೆಸರುಗುಂಡಿಯಾಗಿ, ಅದರಲ್ಲೇ ಕಟ್ಟಿಗೆ ತುಂಬಿದ ಲಾರಿಗಳು ಹೊಯ್ದಾಡುತ್ತ ಹೋಗುತ್ತಿದ್ದವು. ಬಸುರಿ ಹೆಂಗಸನ್ನು ಅಲ್ಲಿ ನಡೆಸುವುದಕ್ಕಿಂತ ಮನೆಯಲ್ಲಿ ಕೂಡಿಸುವುದೇ ವಾಸಿ.

ಊರಿನ ಸಾರ್ವಜನಿಕ ಗಾರ್ಡನ್ನಿಗೆ ಬೀಗ ಬಿದ್ದಿತ್ತು. ತೆರೆದಿದ್ದದ್ದು ಒಂದೇ: ಗುಡ್ಡದ ಬದಿಯ ಆಫೀಸರರ ಕಾಲನಿಯ ಗಾರ್ಡನ್. ಹೊಲದಷ್ಟು ದೊಡ್ಡದು. ಸುತ್ತಲೂ ಕಲ್ಲು ಹಾಸಿದ ದಾರಿ, ಕೂರಲು ಬೆಂಚು, ನಡುವೆ ಹುಲ್ಲು. ಮೊದಲೆಲ್ಲ ಸಂಜೆ ಚಾಳಿನ ಮಕ್ಕಳು ಹೋಗಿ ಜೋಕಾಲಿ ಜೀಕಿ ಬರುತ್ತಿದ್ದರು, ಯಾರೂ ಏನೂ ಅನ್ನುತ್ತಿರಲಿಲ್ಲ. ರೋಗ ಬಂದಿದ್ದೇ ಗೇಟಿಗೆ ಬೀಗ, ಬೀಗದ ಮೇಲೆ ಬೋರ್ಡು: ನಿವಾಸಿಗಳಿಗೆ ಮಾತ್ರ. ಒಳಗೆ ಹೋಗಲು ಕಾರ್ಡು ಬೇಕು. ಮನೆಯ ಮುಂದೊಂದು ಹಿಂದೊಂದು ಅಂಗಳ ಇದ್ದವರಿಗೆ ಕಾರ್ಡು ಸಿಕ್ಕಿತು, ಅಂಗಳವೇ ಇಲ್ಲದವರಿಗೆ ಬೋರ್ಡು ಸಿಕ್ಕಿತು. ಚಾಳಿನ ಗೋದುಬಾಯಿ ದಿನಾ ಆ ಕಲ್ಲುದಾರಿಯನ್ನು ಗುಡಿಸಿ ಬರುತ್ತಿದ್ದಳು. "ಕೈಯಾಗ ಕಸಬರಗಿ ಇದ್ರ ನನಗ ರೋಗ ಇಲ್ಲಂತ. ಅದನ್ನ ಕೆಳಗ ಇಟ್ಟು ನಡದ್ರ ಬರ್ತೈತಂತ," ಎನ್ನುತ್ತಿದ್ದಳು.

ಮುದಕವ್ವ ಮರುದಿನವೇ ಸೊಸೆಯ ಕೈ ಹಿಡಿದು ಗೇಟಿನ ಮುಂದೆ ಹೋಗಿ ನಿಂತಳು. ಗೇಟು ಕಾಯುತ್ತಿದ್ದವನು ಅಬ್ದುಲ್ ಕರೀಮ. ಗಡ್ಡ ನೆರೆತ, ಮೆದು ಮಾತಿನ ಮನುಷ್ಯ. ಮುದಕವ್ವನನ್ನು ವರ್ಷಗಟ್ಟಲೆಯಿಂದ ಬಲ್ಲವನು.

"ಕರೀಮಭಾಯಿ, ಇಕಿ ಒಂದೀಟ ಅಡ್ಡಾಡಿ ಬರ್ತಾಳ. ನಾ ಹೊರಗ ನಿಂದರತೇನಿ."

"ಅಕ್ಕಾ, ನನ್ನ ಕೈಯಾಗ ಏನೂ ಇಲ್ಲ. ಕ್ಯಾಮೆರಾ ಹಾಕ್ಯಾರ ನೋಡ್ರಿ. ನಿನ್ನೆ ಒಂದ ಕೂಸು ಚೆಂಡ ತಗೋಳಾಕ ಒಳಗ ಹೋಗಿದ್ದಕ್ಕ ನನಗ ಬೈದಾರ."

"ಸಾಹೇಬ್ರನ್ನ ಕೇಳಿ ನೋಡು."

ಕರೀಮ ಫೋನು ಹಚ್ಚಿದ. ಕಾಲನಿ ಸಂಘದ ಸೆಕ್ರೆಟರಿ ಮಹಾಬಳೇಶ್ವರ ಸಾಹೇಬರು ಫೋನಿನಲ್ಲೇ ಇಲ್ಲ ಎಂದರು. ಇವತ್ತು ಒಬ್ಬರಿಗೆ ಬಿಟ್ಟರೆ ನಾಳೆ ಊರೇ ಬರುತ್ತದೆ ಎಂದರು. ಅಷ್ಟು ಹೊತ್ತಿಗೆ ಒಳಗೆ ಬಿಳಿ ಬೂಟಿನ ಒಬ್ಬ ಗೃಹಸ್ಥರು ಕೈ ಬೀಸುತ್ತ ಅವರನ್ನು ದಾಟಿ ಹೋದರು. ಜ್ಯೋತಿ ಅವರ ಬೂಟನ್ನೇ ನೋಡುತ್ತ ನಿಂತಿದ್ದಳು. ಮನೆಗೆ ಬಂದು ಮಂಚದ ಪಕ್ಕದಲ್ಲಿ ಹಿಂದೆ ಮುಂದೆ ಹಿಂದೆ ಮುಂದೆ ನಡೆದು, ತಲೆ ಸುತ್ತಿ ಕುಳಿತಳು. ಮುದಕವ್ವ ಸೆರಗಿನಿಂದ ಅವಳಿಗೆ ಗಾಳಿ ಹಾಕಿದಳು.

ಅಮಾವಾಸ್ಯೆ ಬಂತು. ಮಾನವಮಿಯ ಅಮಾವಾಸ್ಯೆ. ರೊಟ್ಟಿ ಬಡಿಯುತ್ತಿದ್ದ ಮುದಕವ್ವನ ಕೈ ತಟ್ಟನೆ ನಿಂತಿತು. ನಾಳೆಯಿಂದ ನವರಾತ್ರಿ, ದೇವಿ ಕೂಡುತ್ತಾಳೆ. ಒಂಬತ್ತು ದಿನ ಚಾಳಿನ ಹೆಂಗಸರು ನಸುಕಿನಲ್ಲಿ ತಲೆಗೆ ನೀರು ಹಾಕಿಕೊಂಡು, ತಂಬಿಗೆ ಆರತಿ ಹಿಡಿದು ಹೋಗಿ, ಬನ್ನಿ ಗಿಡಕ್ಕೆ ನೀರೆರೆದು ಸುತ್ತು ಹಾಕಿ ಬರುವುದು ಕಾಲನಿ ಹುಟ್ಟುವ ಮೊದಲಿನಿಂದ ನಡೆದು ಬಂದ ಪದ್ಧತಿ. ಆ ಬನ್ನಿ ಗಿಡ ಇರುವುದೆಲ್ಲಿ? ಆ ಗಾರ್ಡನ್ನಿನ ನಟ್ಟನಡುವೆ.

"ಇನ್ನ ನೋಡೂಣು ಸಾಹೇಬ್ರ ಏನಂತಾರ," ಎಂದು ಹಿಟ್ಟಿನ ಕೈಯಲ್ಲೇ ಸೆರಗು ಸಿಗಿಸಿಕೊಂಡಳು.

ಮರುದಿನ ನಸುಕಿನಲ್ಲಿ ಗೇಟಿನ ಮುಂದೆ ಹತ್ತಾರು ಹೆಂಗಸರು. ಎದುರಿಗೆ ಮುದಕವ್ವ, ಅವಳ ಬೆನ್ನಿಗೆ ಹೊಟ್ಟೆ ಹೊತ್ತ ಜ್ಯೋತಿ. ಸೆಕ್ರೆಟರಿ ಸಾಹೇಬರು ರಾತ್ರಿ ಉಡುಪಿನ ಮೇಲೆ ಶಾಲು ಹೊದ್ದು ಬಂದರು. ಕರಾವಳಿಯ ಕಡೆಯವರು, ಈ ಪದ್ಧತಿ ಕಂಡವರಲ್ಲ. ಅವರು ಬದಲಿಯಾಗಿ ಬಂದು ವರ್ಷವೂ ಆಗಿರಲಿಲ್ಲ. ಮನೆಯವರು ಲಾಕ್‌ಡೌನಿನಿಂದ ಕಾರವಾರದಲ್ಲೇ ಉಳಿದಿದ್ದರಿಂದ ಯಾವ ಹಬ್ಬ ಯಾವತ್ತು ಎಂದು ಹೇಳುವವರೂ ಇರಲಿಲ್ಲ.

"ಇದೆಂಥದು ಕರೀಮ, ಇಷ್ಟು ಜನ?"

"ಬನ್ನಿ ಮಹಾಂಕಾಳಿ ಸಾಹೇಬ್ರ," ಎಂದು ಮುದಕವ್ವನೇ ಉತ್ತರ ಕೊಟ್ಟಳು. "ಒಂಬತ್ತ ದಿನಾ ನೀರ ಹಾಕಬೇಕು. ಬ್ಯಾಡಂದ್ರ ಹೋಗ್ತೇವಿ. ಆದ್ರ ಬ್ಯಾಡ ಅಂದಾವರು ಯಾರ ಅಂತ ತಾಯಿ ಕೇಳಿದ್ರ ನಿಮ್ಮ ಹೆಸರ ಹೇಳಬೇಕಾಗ್ತೈತಿ. ನಮಗ ಸುಳ್ಳ ಹೇಳಾಕ ಬರೂದಿಲ್ಲ."

ಸಾಹೇಬರು ಕರೀಮನ ಮುಖ ನೋಡಿದರು. ಕರೀಮ ಆಕಾಶ ನೋಡಿದ. ರೋಗಕ್ಕೆ ನಿಯಮ ಮಾಡಿದ್ದರು, ಮಹಾಂಕಾಳಿಗೆ ಮಾಡಿರಲಿಲ್ಲ. ಮಾಸ್ಕು ಹಾಕಬೇಕು, ದೂರ ದೂರ ನಿಲ್ಲಬೇಕು, ನಿವಾಸಿಗಳು ಬರುವ ಹೊತ್ತಿಗೆ ಹೊರಗಿರಬೇಕು ಎಂದು ಮೂರು ಮಾತು ಹೇಳಿ ಒಳಗೆ ಬಿಟ್ಟರು. ಮಧ್ಯಾಹ್ನ ಕರೀಮನಿಂದ ಗಿಡದ ಸುತ್ತ ದೂರ ದೂರ ನಿಲ್ಲಲು ಸುಣ್ಣದಲ್ಲಿ ದುಂಡನೆಯ ಗುರುತುಗಳನ್ನು ಹಾಕಿಸಿದರು. "ಮಹಾಂಕಾಳಿ ನಮ್ಮನ್ನ ರೇಶನ್ ಅಂಗಡಿ ಪಾಳಿಗೆ ನಿಂದರ್ಸಿದಾಂಗಾತು," ಎಂದು ಗೋದುಬಾಯಿ ನಕ್ಕಳು.

ಗಿಡದ ಸುತ್ತ ಸುತ್ತಿದರೆ ಎಷ್ಟು ನಡೆದಂತಾಗುತ್ತದೆ? ಎರಡನೆಯ ದಿನ ಮುದಕವ್ವ ಹೊಸ ಶಾಸ್ತ್ರ ತೆಗೆದಳು. ಸಣ್ಣ ಸುತ್ತು ಗಿಡಕ್ಕಾಯಿತು, ದೊಡ್ಡ ಸುತ್ತು ಕ್ಷೇತ್ರಕ್ಕೆ ಎಂದಳು. ಕ್ಷೇತ್ರ ಎಂದರೆ ಆ ಕಲ್ಲುದಾರಿಯಷ್ಟೂ. ಇದು ತನ್ನದೇ ತಲೆಯಿಂದ ಹುಟ್ಟಿದ್ದು ಎಂದು ಅವಳಿಗೆ ಗೊತ್ತಿತ್ತು, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಪ್ರದಕ್ಷಿಣೆ ತುಸು ಉದ್ದವಾದರೆ ಯಾವ ದೇವತೆ ಸಿಟ್ಟಾಗುತ್ತಾಳೆ?

ಜ್ಯೋತಿ ನಡೆದಳು. ಮೊದಲ ದಿನ ಮುದಕವ್ವನ ತೋಳು ಹಿಡಿದು, ಆಮೇಲೆ ಬಿಟ್ಟು. ಮಂಜಿನಲ್ಲಿ ತೊಯ್ದ ಹುಲ್ಲಿನ ವಾಸನೆ, ಕಾಡಿನ ಕಡೆಯಿಂದ ಬರುವ ತಣ್ಣನೆ ಗಾಳಿ. ಮಾಸ್ಕನ್ನು ಒಂದು ಕ್ಷಣ ಗಲ್ಲಕ್ಕೆ ಇಳಿಸಿ ಉಸಿರೆಳೆದುಕೊಂಡು ಮತ್ತೆ ಏರಿಸುತ್ತಿದ್ದಳು. ಚಾಳಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡವಳಂತೆ ಇರುತ್ತಿದ್ದ ಹುಡುಗಿ ಅಲ್ಲಿ ಮಾತಾಡತೊಡಗಿದಳು. ಕೂಸು ಒದೆಯಿತು ಎಂದಳು, ಇದು ಯಾವ ಹೂವು ಎಂದಳು, ಒಮ್ಮೆ ಸುಮ್ಮಸುಮ್ಮನೆ ನಕ್ಕಳು. ಉಳಿದ ಹೆಂಗಸರದೂ ಅದೇ ಕಥೆ. ತಿಂಗಳುಗಟ್ಟಲೆ ಗೋಡೆ ನೋಡಿಕೊಂಡಿದ್ದವರು, ಸುತ್ತು ಮುಗಿದ ಮೇಲೂ ಇನ್ನೊಂದು ಹಾಕೋಣ, ತಾಯಿಗೆ ಬೇಸರವಾಗಬಾರದು ಎನ್ನುತ್ತಿದ್ದರು. ಚಾಳಿನಲ್ಲಿ ಇಷ್ಟೊಂದು ಭಕ್ತಿ ಇದೆ ಎಂದು ಮುದಕವ್ವನಿಗೇ ಗೊತ್ತಿರಲಿಲ್ಲ. ಅವಳ ಎದೆಯುಬ್ಬಿತು.

ಒಂಬತ್ತು ದಿನ ಮುಗಿದವು. ಹತ್ತನೆಯ ನಸುಕಿನಲ್ಲಿ, ಇವತ್ತು ದಸರಾ ಎಂದು, ಮುದಕವ್ವ ಇಳಕಲ್ಲ ಸೀರೆಯುಟ್ಟು, ಗಿಡಕ್ಕೆ ಕೈಮುಗಿದು ಬನ್ನಿ ಎಲೆ ಮುರಿದುಕೊಂಡಳು. ಅಷ್ಟು ದಿನ ಬಾಗಿಲು ತೆರೆದವನು ಕರೀಮ. ಮೊದಲ ಬನ್ನಿ ಅವನಿಗೇ ಸಲ್ಲಬೇಕು ಎಂದುಕೊಂಡು ಗೇಟಿಗೆ ಬಂದಳು.

"ತಗೋ ಕರೀಮಭಾಯಿ. ಬನ್ನಿ ತಗೊಂಡು ಬಂಗಾರದಾಂಗ ಇರೂಣು."

ಕರೀಮ ಕೈ ಚಾಚಲಿಲ್ಲ. ಜ್ಯೋತಿಯ ಮುಖ ನೋಡಿದ, ಗೋದುಬಾಯಿಯ ಮುಖ ನೋಡಿದ. ಗೋದುಬಾಯಿ ಇಲ್ಲದ ಕಸ ಗುಡಿಸತೊಡಗಿದಳು.

"ಯಾಕ? ಪ್ರತಿ ವರ್ಷ ತಗೋತಿದ್ದೀ."

"ತಗೋತೇನಿ ಅಕ್ಕಾ, ತಗೋಳೂದಿಲ್ಲ ಅಂತಲ್ಲ. ಆದ್ರ..." ಕರೀಮ ತಲೆ ಕೆರೆದುಕೊಂಡ. "ದಸರಾ ಬರೂ ತಿಂಗಳ ಐತೆಲ್ಲಾ. ಮಿಲ್ಲಿನಾಗ ಆಯುಧದ ಖಂಡೇ ಪೂಜೆ ಸೂಟಿನೂ ಬರೂ ತಿಂಗಳನ ಹಾಕ್ಯಾರ. ಈ ವರ್ಷ ನಿಮ್ಮದು ಅದೇನೋ ಅಧಿಕ ಮಾಸ ಬಂದೈತಿ ಅಂತ."

ಮುದಕವ್ವನ ಕೈಯಿಂದ ಎಲೆ ಜಾರಿದವು. ಅಧಿಕ ಮಾಸ. ಪ್ರತಿ ಸಲ ಅದರ ಲೆಕ್ಕ ಇಡುವವನು ಗಂಡ ಲಗಮಪ್ಪ. ಅವನೋ ಮುಂಡಗೋಡಿನ ಮಗಳ ಮನೆಗೆ ಗೋವಿನಜೋಳದ ಕೆಲಸಕ್ಕೆ ಹೋಗಿ ಕುಳಿತಿದ್ದ. ಡೊಳ್ಳು ಬಾರಿಸಿ ದೇವಿ ಕೂಡಿಸುವ ಗುಡಿಯಲ್ಲಿ ಈ ವರ್ಷ ಸದ್ದೇ ಇರಲಿಲ್ಲ. ಅಮಾವಾಸ್ಯೆ ಮುಗಿದ ಮರುದಿನ ನವರಾತ್ರಿ ಎಂದು ತಾನು ಹುಟ್ಟಿದಾಗಿನಿಂದ ಕಂಡ ಲೆಕ್ಕ ಹಿಡಿದು, ಒಂದು ತಿಂಗಳು ಮೊದಲೇ ತಾಯಿಯನ್ನು ಎಬ್ಬಿಸಿಬಿಟ್ಟಿದ್ದಳು. ಅದೂ ಶುಭಕಾರ್ಯ ಯಾವುದನ್ನೂ ಮಾಡಬಾರದ ತಿಂಗಳಲ್ಲಿ, ಬಸುರಿ ಸೊಸೆಯನ್ನು ಮುಂದಿಟ್ಟುಕೊಂಡು.

ಮನೆಗೆ ಬಂದು ಮುದಕವ್ವ ನೆಲದ ಮೇಲೆ ಕುಳಿತಳು. ತಾಯಿಯ ಸಿಟ್ಟು ಕೂಸಿನ ಮೇಲೆ ಬಂದರೆ? ಎಂಟನೆಯ ತಿಂಗಳು ಬೇರೆ ಬಾಗಿಲಲ್ಲಿ ನಿಂತಿದೆ.

ಜ್ಯೋತಿ ನೀರಿನ ತಂಬಿಗೆ ತಂದಿಟ್ಟು, ಎದುರಿಗೆ ಮಂಚದ ಅಂಚಿನಲ್ಲಿ ಕುಳಿತಳು.

"ಅತ್ತೀ, ನನಗ ಗೊತ್ತಿತ್ತರಿ."

"ಏನ ಗೊತ್ತಿತ್ತ?"

"ನವರಾತ್ರಿ ಬರೂ ತಿಂಗಳ ಅಂತ. ಮೊದಲ ದಿನಾನ ನಮ್ಮವ್ವ ಹಳಿಯಾಳದಿಂದ ಫೋನ್ ಮಾಡಿದಾಗ ಹೇಳಿದ್ದಳರಿ."

"ಗೊತ್ತಿದ್ದೂ ಸುಮ್ಮನ ಇದ್ದೀ?"

"ಹೇಳಿದ್ರ ನೀವ ನಿಂದರಸ್ತಿದ್ರಿ." ಜ್ಯೋತಿ ತಲೆ ತಗ್ಗಿಸಲಿಲ್ಲ. ಕಣ್ಣು ಮಾತ್ರ ತುಂಬಿ ಬಂದವು. "ಹ್ವಾದ ಸಲ ಈ ಕ್ವಾಣ್ಯಾಗ ಕುಂತ ಕುಂತ ನನ್ನ ಕೂಸ ಹೋತರಿ. ಈ ಸಲ ನನಗ ನಡೀಬೇಕಾಗಿತ್ತು. ತಾಯಿ ಬೈದ್ರ ಬೈಲಿ ಅಂದೆ."

ಅಷ್ಟರಲ್ಲಿ ಬಾಗಿಲಲ್ಲಿ ಗೋದುಬಾಯಿ ಬಂದು ನಿಂತಳು. ಅವಳಿಗೂ ಗೊತ್ತಿತ್ತಂತೆ. ಚಾಳಿನ ತುದಿಯ ಮನೆಯವರಿಗೂ ಗೊತ್ತಿತ್ತಂತೆ. ಎಲ್ಲರೂ ಒಬ್ಬರಿಗೊಬ್ಬರು ಕಣ್ಣು ಮಿಟುಕಿಸಿಕೊಂಡು, ಮುದಕವ್ವನಿಗೆ ಮಾತ್ರ ಹೇಳಬಾರದು ಎಂದು ಮಾತಾಡಿಕೊಂಡಿದ್ದರಂತೆ. ಇಷ್ಟು ದಿನ ತಾನು ಸೆಕ್ರೆಟರಿಗೆ ಟೋಪಿ ಹಾಕಿದೆ ಎಂದು ಬೀಗುತ್ತಿದ್ದವಳಿಗೆ ಇಡೀ ಚಾಳೇ ಟೋಪಿ ಹಾಕಿತ್ತು. ಮುದಕವ್ವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ತಡೆಯಲಾರದೆ ನಗು ಬಂತು. ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡಳು.

ಆದರೆ ಅವಳ ಮನಸ್ಸಿಗೆ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಸಾಹೇಬರ ಮುಂದೆ ತಾಯಿಯ ಹೆಸರು ಹಿಡಿದು ಮಾತಾಡಿದ್ದಾಳೆ. ಗೊತ್ತಿಲ್ಲದಾಗ ಅದು ತಪ್ಪು, ಗೊತ್ತಾದ ಮೇಲೂ ಸುಮ್ಮನಿದ್ದರೆ ಸುಳ್ಳು.

"ನಾ ಹೋಗಿ ಸಾಹೇಬ್ರಿಗೆ ಖರೇ ಹೇಳಿ ಬರ್ತೇನಿ."

"ಬ್ಯಾಡ್ರಿ ಅತ್ತೀ," ಎಂದು ಜ್ಯೋತಿ ಅವಳ ಸೆರಗು ಹಿಡಿದಳು. "ಹೇಳಿದ್ರ ಬರೂ ತಿಂಗಳನೂ ಬಿಡೂದಿಲ್ಲ. ಸಕ್ಕರಿ ತೋರಸಾಕ ದವಾಖಾನಿಗೆ ಹೋಗೂದು ಇನ್ನೂ ಬಾಕಿ ಐತಿ."

"ಬಿಡದಿದ್ರ ನೋಡೂಣು. ತಾಯಿ ಹೆಸರಿನಾಗ ಸುಳ್ಳ ಇಟ್ಕೊಂಡು ನಿನ್ನ ಹೆರಿಗಿ ಮಾಡ್ಸಾಕ ನನಗ ಧೈರ್ಯ ಇಲ್ಲವ್ವಾ."

ಮಹಾಬಳೇಶ್ವರ ಸಾಹೇಬರು ಮನೆಯ ಅಂಗಳದಲ್ಲಿ ಗುಲಾಬಿ ಕುಂಡಗಳಿಗೆ ನೀರು ಹಾಕುತ್ತಿದ್ದರು. ಮುದಕವ್ವ ಬೇಲಿಯ ಹೊರಗೆ ನಿಂತು, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ತಿಂಗಳು ತಪ್ಪಿದ್ದು, ದೊಡ್ಡ ಸುತ್ತು ತಾನೇ ಹುಟ್ಟಿಸಿದ್ದು, ಸೊಸೆಯ ಸಕ್ಕರೆ, ಅಳದೆ ಹೋದ ಮೊದಲ ಕೂಸು. ಕೊನೆಗೆ, "ದೇವಿ ಹೆಸರ ತಗದ ಇಡ್ರಿ ಸಾಹೇಬ್ರ. ನನ್ನ ಸೊಸಿ ನಡೀಬೇಕು, ಅದಕ್ಕ ಜಾಗಾ ಬೇಕು. ಅಷ್ಟ ಐತಿ," ಎಂದಳು.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ಮೋಸವಾದ ಸಿಟ್ಟೂ ಇತ್ತು, ಮುದುಕಿ ತಾನಾಗಿ ಬಂದು ಹೇಳಿದ ಆಶ್ಚರ್ಯವೂ ಇತ್ತು.

"ಇಷ್ಟೇ ಆಗಿದ್ದರೆ ಇದನ್ನೇ ಮೊದಲು ಕೇಳಬಹುದಿತ್ತಲ್ಲ ಅಮ್ಮ? ದೇವಿ ಪೂಜೆ ಅಂತೆಲ್ಲ ಯಾಕೆ ಬೇಕಿತ್ತು?"

"ಕೇಳಿದ್ದೆರಿ. ಅಕಿನ್ನ ಕರಕೊಂಡು ಬಂದ ಕೇಳಿದ್ದೆ. ಆವಾಗ ನೀವ ಫೋನಿನ್ಯಾಗ ಇಲ್ಲ ಅಂದ್ರಿ. ದೇವಿ ಅಂದಾಗ ಗೇಟ ತಗದ್ರಿ."

ನೀರಿನ ಪೈಪು ಒಂದೇ ಕುಂಡಕ್ಕೆ ಹರಿಯುತ್ತ ಅಂಗಳವೆಲ್ಲ ಒದ್ದೆಯಾಯಿತು. ಸಾಹೇಬರು ಅದನ್ನು ನೋಡಲಿಲ್ಲ.

"ನಿಮ್ಮ ಅಂಗಳ ನಮ್ಮ ಚಾಳಿಗಿಂತ ದೊಡ್ಡದೈತಿ," ಎಂದು ಮುದಕವ್ವ ಸಿಟ್ಟಿಲ್ಲದೆ ಹೇಳಿದಳು. "ಆದರೂ ನೀವು ಗಾರ್ಡನ್ನಿಗೆ ಬರ್ತೀರಿ. ಬರ್ರಿ, ಯಾಕ ಬರಬಾರದು. ನಾವೂ ಬರ್ತೇವಿ ಅಂತ ಕೇಳಾಕತ್ತೇನಿ."

ಸಾಹೇಬರು ತಮ್ಮ ಅಂಗಳದ ಮೇಲೆ ಕಣ್ಣಾಡಿಸಿದರು. ಇಷ್ಟು ಖರೇ ಹೇಳಬಾರದಿತ್ತೇನೋ ಎಂದು ಮುದಕವ್ವ ನಾಲಿಗೆ ಕಚ್ಚಿಕೊಂಡಳು. ಕೊನೆಗೆ ಅವರು ನಲ್ಲಿ ನಿಲ್ಲಿಸಿ, ಫೋನು ತೆಗೆದು ಕರೀಮನಿಗೆ ಹಚ್ಚಿದರು. ನಾಳೆಯಿಂದ ದಿನಾ ನಸುಕಿನಲ್ಲಿ, ಮಿಲ್ಲಿನ ಮುಂಜಾನೆಯ ಪಾಳಿಯ ಭೋಂಗಾ ಕೂಗುವವರೆಗೆ ಗೇಟು ತೆರೆದಿರಲಿ ಎಂದರು. ಯಾರಿಗೆ ಎಂದು ಆ ಕಡೆಯಿಂದ ಕರೀಮ ಕೇಳಿರಬೇಕು.

"ಬಂದವರಿಗೆ," ಎಂದರು ಸಾಹೇಬರು.

ಅದೇನೂ ಸಲೀಸಾಗಿ ನಡೆಯಲಿಲ್ಲ. ಬಿಳಿ ಬೂಟಿನವರು ಸಂಘದ ಸಭೆಯಲ್ಲಿ ಹಾರಾಡಿದರು. ಮೂಗು ಮುರಿದವರು ಇನ್ನೂ ಕೆಲವರಿದ್ದರು. ಆದರೆ ಸೆಕ್ರೆಟರಿ ಮಾತು ತಿರುಗಿಸಲಿಲ್ಲ, ನಸುಕಿನ ಗೇಟು ಮುಚ್ಚಲಿಲ್ಲ. ಆರತಿ ತಟ್ಟೆಯಿಲ್ಲದೆ, ಬರಿಗೈಯಲ್ಲಿ ಚಾಳಿನ ಹೆಂಗಸರು ನಡೆದರು. ಗೋದುಬಾಯಿಯೂ ಕಸಬರಗಿಯನ್ನು ಗೋಡೆಗೆ ಒರಗಿಸಿಟ್ಟು ಎರಡು ಸುತ್ತು ಹಾಕಿ, ಆಮೇಲೆ ಗುಡಿಸಲು ಹೋಗುತ್ತಿದ್ದಳು. ಗುಡಿಯ ಪೂಜಾರಿಯನ್ನು ಕೇಳಿದಾಗ, ಅಧಿಕ ಮಾಸದಲ್ಲಿ ಗಿಡಕ್ಕೆ ನೀರು ಹಾಕಿದರೆ ಪುಣ್ಯವೇ ಹೊರತು ಪಾಪವಿಲ್ಲ ಎಂದ. ಮುದಕವ್ವ ಅಂದು ಹೊಟ್ಟೆ ತುಂಬ ಉಂಡಳು. ಮುಂದಿನ ತಿಂಗಳು ನವರಾತ್ರಿಯನ್ನು ಮತ್ತೊಮ್ಮೆ, ಈ ಸಲ ಲಗಮಪ್ಪನನ್ನು ಫೋನಿನಲ್ಲಿ ಎರಡೆರಡು ಬಾರಿ ಕೇಳಿ, ಮಾಡಿದರು.

ದವಾಖಾನೆಯಲ್ಲಿ ಸಕ್ಕರೆ ಇಳಿದಿತ್ತು. ಡಾಕ್ಟರಬಾಯಿ ಹುಬ್ಬಳ್ಳಿಯ ಹೆಸರೆತ್ತಲಿಲ್ಲ, ಹೀಗೇ ನಡೆಸಿ ಎಂದಷ್ಟೇ ಹೇಳಿದರು. ಎಂಟನೆಯ ತಿಂಗಳಿಡೀ ಮುದಕವ್ವ ರಾತ್ರಿ ಎದ್ದೆದ್ದು ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು. ಪ್ರತಿ ಸಲವೂ ಒಳಗಿನಿಂದ ಒದೆ ಬಂತು. ತಿಂಗಳು ದಾಟಿತು.

ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ದವಾಖಾನೆಯ ಹೊರಗಿನ ಬೆಂಚಿನ ಮೇಲೆ ಮುದಕವ್ವ, ಶಿವಲಿಂಗ ಕುಳಿತಿದ್ದರು. ಬಾಗಿಲು ಮುಚ್ಚಿತ್ತು. ಜ್ಯೋತಿಯ ನರಳಾಟ ಕೇಳುತ್ತಿತ್ತು, ಆಮೇಲೆ ಅದೂ ನಿಂತಿತು. ಮುದಕವ್ವ ಕಣ್ಣು ಮುಚ್ಚಿದಳು. ಹೋದ ಸಲವೂ ಹೀಗೇ ಎಲ್ಲ ಒಮ್ಮೆಲೇ ಸುಮ್ಮನಾಗಿತ್ತು.

ಆಗ ಕೂಸು ಅತ್ತಿತು. ಸಣ್ಣಗೆ ಶುರುವಾಗಿ, ಮೂರು ಮನೆಗೆ ಕೇಳುವ ಹಾಗೆ ಚೀರಿತು. ನರ್ಸು ಬಾಗಿಲು ತೆರೆದು ಹೆಣ್ಣು ಕೂಸು, ತಾಯಿ ಆರಾಮ ಎಂದಳು. ಶಿವಲಿಂಗ ಎದ್ದು ನಿಂತ. ಮುದಕವ್ವ ಗೋಡೆಗೆ ಒರಗಿ, ಮಾಸ್ಕೆಲ್ಲ ತೊಯ್ಯುವಷ್ಟು ಅತ್ತಳು.

ಒಳಗೆ ಬಿಟ್ಟಾಗ ಜ್ಯೋತಿ ಬೆವರಿ, ಬಿಳಿಚಿ ಮಲಗಿದ್ದಳು. ಕೂಸು ಇನ್ನೂ ಅಳುತ್ತಿತ್ತು. ಅತ್ತೆಯನ್ನು ಕಂಡು ಅವಳು ಅಭ್ಯಾಸದಂತೆ ಏಳಲು ಹೋದಳು. ಮುದಕವ್ವ ಅವಳ ಭುಜ ಹಿಡಿದು ಮೆತ್ತಗೆ ಒತ್ತಿದಳು.

"ಮಲ್ಕೊ ಯವ್ವಾ. ಸಾಕಷ್ಟ ನಡದೀದಿ. ಇನ್ನ ಒಂದ ಹೆಜ್ಜಿನೂ ನಡೀಬ್ಯಾಡ."